ಕೃಷ್ಣನಿಗೆ ಮುಖ ಕೊಟ್ಟವಳು

ಬೆಳಿಗ್ಗೆ ಎದ್ದ ಮೇಲೆ ಅನಘಾ ಸ್ವಲ್ಪ ಹೊತ್ತು ಯಾರೊಂದಿಗೂ ಮಾತನಾಡುವುದಿಲ್ಲ. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಕಿಟಕಿಯ ಕಟ್ಟೆಯ ಮೇಲಿರುವ ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿ, ಹಾಲು ಉಕ್ಕಿ ಬರುವವರೆಗೆ ಒಂದೇ ಒಂದು ಸ್ವರ ಹಾಡುತ್ತಾಳೆ. ಬರೀ ಸ. ಹಾಲು ಅಂಚಿಗೆ ಬಂದಾಗ ಸ್ವರ ನಿಲ್ಲಿಸಿ ಒಲೆ ಆರಿಸುತ್ತಾಳೆ. ಆಮೇಲೇ ಆ ದಿನದ ಮೊದಲ ಮಾತು. ಜ್ವರ ಬಂದ ದಿನಗಳಲ್ಲೂ ಇದು ತಪ್ಪಿಲ್ಲ. ಅಪ್ಪ ತೀರಿಕೊಂಡ ಮರುದಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತರುವವರೆಗೆ ಬಚ್ಚಲುಮನೆಯಲ್ಲಿ ನಿಂತು, ಬಾಯಿ ಮುಚ್ಚಿಕೊಂಡೇ ಆ ಸ್ವರವನ್ನು ಹಿಡಿದಿದ್ದಳು.

"ಹಾಲಿನವನು ಬಂದ್ರೆ ಬರೀ ತಲೆ ಆಡಿಸ್ತೀಯ. ಪಾಪ, ಅವನು ನಿನ್ನ ಮೂಗಿ ಅಂದ್ಕೊಂಡಿದಾನೆ ಕಣೇ" ಎಂದು ತಾಯಿ ಪ್ರಭಾ ನಗುತ್ತಾರೆ. ಆದರೆ ಈ ಅಭ್ಯಾಸ ಯಾಕೆ ಬಂತೆಂದು ಅವರಿಗೆ ಗೊತ್ತು.

ಅನಘಾಳಿಗೆ ಎಂಟು ವರ್ಷವಾಗಿದ್ದಾಗ ಟಿವಿಯಲ್ಲಿ ಭಾನುವಾರ ಬೆಳಿಗ್ಗೆ ಕೃಷ್ಣನ ಧಾರಾವಾಹಿಯೊಂದು ಬರುತ್ತಿತ್ತು. ಬಾಲಕೃಷ್ಣನ ಪಾತ್ರಕ್ಕೆ ಹುಡುಗರು ಯಾರೂ ಒಗ್ಗದೆ, ರಾಜಾಜಿನಗರದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಕುಣಿಯುತ್ತಿದ್ದ ಈ ಹುಡುಗಿಯನ್ನು ಕರೆದೊಯ್ದರು. ಮುಖಕ್ಕೆ ನೀಲಿ ಬಳಿದು, ತಲೆಗೆ ನವಿಲುಗರಿ ಸಿಕ್ಕಿಸಿದರು. ಅವಳ ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು. ಮೇಕಪ್ಪಿನವರು ಎಷ್ಟು ಬಳಿದರೂ ಅದು ಮುಚ್ಚಲಿಲ್ಲ. ಇರಲಿ ಬಿಡಿ, ತುಂಟ ಕೃಷ್ಣನಲ್ಲವೇ ಎಂದು ನಿರ್ದೇಶಕರು ಸುಮ್ಮನಾದರು.

ಶೂಟಿಂಗಿನಲ್ಲಿ ಅವಳು ಮಾತುಗಳನ್ನೆಲ್ಲ ಬಾಯಿಪಾಠ ಮಾಡಿ, ಗಟ್ಟಿಯಾಗಿ, ತಪ್ಪಿಲ್ಲದೆ ಹೇಳಿದ್ದಳು. ಮೊದಲ ಕಂತು ಬಂದ ಭಾನುವಾರ ಬೀದಿಯವರೆಲ್ಲ ಅವರ ಮನೆಯಲ್ಲಿ ಸೇರಿದ್ದರು. ಪರದೆಯ ಮೇಲೆ ಅವಳ ತುಟಿಗಳು ಅಲುಗಿದವು. ಹೊರಬಂದದ್ದು ಬೇರೊಬ್ಬರ ದನಿ. ಹಾಡಿದಾಗ ಇನ್ನೂ ಒಬ್ಬರ ದನಿ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಹುಡುಗಿ ತಾಯಿಯ ಸೆರಗು ಎಳೆದು ಕೇಳಿದಳು: "ಅಮ್ಮ, ನನ್ನ ಬಾಯಲ್ಲಿ ಯಾರೋ ಮಾತಾಡ್ತಾ ಇದಾರೆ. ನಂದು ಎಲ್ಲಿಗೆ ಹೋಯ್ತು?"

ಪ್ರಭಾ ಆಗ ಏನು ಉತ್ತರ ಕೊಟ್ಟರೋ ಅವರಿಗೇ ನೆನಪಿಲ್ಲ. ಮಗಳು ಕೇಳಿದ್ದು ಮಾತ್ರ ನೆನಪಿದೆ.

ಎರಡು ವರ್ಷ ಧಾರಾವಾಹಿ ಓಡಿತು. ಹೆಂಗಸರು ಬಸ್ಸಿನಲ್ಲಿ ಅವಳ ಕಾಲು ಮುಟ್ಟಿದರು, ಅಂಗಡಿಯವರು ಬೆಣ್ಣೆ ಕೊಟ್ಟರು. ಆಮೇಲೆ ಒಂದಷ್ಟು ಸಿನಿಮಾಗಳಲ್ಲಿ ನಾಯಕನ ತಂಗಿಯ ಬಾಲ್ಯ, ನಾಯಕಿಯ ಬಾಲ್ಯ. ಹದಿಮೂರಕ್ಕೆ ಮೈ ಬೆಳೆದು, ಮುಖದ ಆಕಾರ ಬದಲಾಗಿ, ಫೋನು ಬರುವುದು ನಿಂತುಹೋಯಿತು. ಅನಘಾ ಅದಕ್ಕೆ ಅಳಲಿಲ್ಲ. ಅಷ್ಟರಲ್ಲಿ ಅವಳು ವೆಂಕಟಗಿರಿ ಮೇಷ್ಟ್ರ ಮನೆಯ ಜಗುಲಿಯಲ್ಲಿ ಕುಳಿತು ಸಂಗೀತ ಕಲಿಯತೊಡಗಿದ್ದಳು. ಹಾಲು ಉಕ್ಕುವವರೆಗೆ ಸ್ವರ ಹಿಡಿಯುವ ಅಭ್ಯಾಸ ಹೇಳಿಕೊಟ್ಟವರು ಅವರೇ. "ದಿನದ ಮೊದಲನೇ ದನಿ ನಿಂದೇ ಆಗಿರ್ಲಿ ಮಗು. ಆಮೇಲಿಂದು ಊರಿಗೆ" ಎಂದಿದ್ದರು.

ಆಮೇಲಿನ ದನಿಯನ್ನೆಲ್ಲ ಊರು ತೆಗೆದುಕೊಂಡಿತು ಕೂಡ. ಇಪ್ಪತ್ತರ ಹರೆಯದಲ್ಲಿ ಅವಳು ಸಿನಿಮಾ ಹಾಡುಗಳಿಗೆ ಟ್ರ್ಯಾಕ್ ಹಾಡಲು ಹೋದಳು. ಹೆಸರಾದ ಗಾಯಕರು ಬರುವ ಮುನ್ನ, ಹಾಡು ಹೇಗೆ ಹೋಗಬೇಕೆಂದು ತೋರಿಸಲು ಬೇರೆ ಯಾರಾದರೂ ಹಾಡಿಟ್ಟಿರಬೇಕು. ಅದು ಟ್ರ್ಯಾಕ್. ಗಾಯಕರು ಬಂದು ಹಾಡಿದ ಮೇಲೆ ಅದನ್ನು ಅಳಿಸುತ್ತಾರೆ. ಹನ್ನೊಂದು ವರ್ಷ ಅನಘಾ ಹಾಗೆ ಹಾಡಿದಳು. ಆಟೋಗಳಲ್ಲಿ, ಮದುವೆ ಛತ್ರಗಳಲ್ಲಿ ತಾನು ಎಳೆದ ಎಳೆತ, ತಾನು ಹಾಕಿದ ಸಣ್ಣ ತಿರುವು ಬೇರೆಯವರ ಗಂಟಲಲ್ಲಿ ಕೇಳಿಸುತ್ತಿತ್ತು. ಒಂದು ಸಲ ತಾಯಿಗೆ ಹೇಳಿದಳು: "ಆಗ ಮುಖ ಇತ್ತು, ದನಿ ಇರ್ಲಿಲ್ಲ. ಈಗ ಎರಡೂ ಇಲ್ಲ."

ಅದನ್ನು ಬಿಟ್ಟು ಪಾಠ ಹೇಳಲು ಹೊರಟಳು. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟೊಂದರಲ್ಲಿ ಹೆಂಗಸರಿಗೆ ದೇವರನಾಮ ಕಲಿಸುತ್ತಿದ್ದಾಗ ಯಾರೋ ಅವಳ ಹಳೆಯ ವಿಡಿಯೋ ಹುಡುಕಿ ತೆಗೆದರು. ಅಂದಿನಿಂದ ಪಾಠ ಕೆಟ್ಟಿತು. ಬಂದವರಿಗೆಲ್ಲ ಸೆಲ್ಫಿ ಬೇಕು, ಆ ಧಾರಾವಾಹಿಯ ಮಾತು ಬೇಕು. "ಒಂದ್ಸಲ ಹೇಳಿ ಮೇಡಂ, ಪ್ಲೀಸ್" ಎಂದು ಪೀಡಿಸಿದರೆ ಅವಳು ಹೇಳಿದಳು. ಹೇಳಿದ ಮೇಲೆ ಅವರ ಮುಖ ಸಪ್ಪಗಾಯಿತು. ಆ ದನಿ ಇದಲ್ಲವಲ್ಲ! ಆಮೇಲೆ ಅವಳು ಎಲ್ಲಿಯೂ ತನ್ನ ಹಳೆಯ ಕಥೆ ಹೇಳಲಿಲ್ಲ. ಕನ್ನಡಕವಂತೂ ಮೊದಲೇ ಬಂದಿತ್ತು. ಅದರ ದಪ್ಪ ಚೌಕಟ್ಟಿನ ಹಿಂದೆ ಹುಬ್ಬಿನ ಗಾಯ ಮರೆಯಾಗುತ್ತಿತ್ತು.

ಮಾರೇನಹಳ್ಳಿಯ ವೆಂಕಟಲಕ್ಷ್ಮಮ್ಮನವರ ಮನೆಗೆ ಅವಳು ಪಾಠ ಹೇಳಲು ಬಂದದ್ದು ಹೋದ ವರ್ಷ. ಎಪ್ಪತ್ತು ದಾಟಿದ ಹಿರಿಯರು. ಅವರ ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಮೂರು ಮಹಡಿಯ ಕಟ್ಟಡವಿದೆ. ನೆಲಮಹಡಿಯ ಹಜಾರವನ್ನು ಭಜನಾ ಮಂಡಳಿಗೆ ಬಿಟ್ಟುಕೊಟ್ಟಿದ್ದಾರೆ. ಮಂಡಳಿಯಲ್ಲಿ ಹದಿನಾಲ್ಕು ಹೆಂಗಸರು. ಸೊಸೆ ಕುಸುಮಾ ಶಾಲಾ ಶಿಕ್ಷಕಿ. ಅಂಜನಮ್ಮ ಮಾರ್ಕೆಟ್ಟಿನ ಎದುರು ಹೂ ಮಾರುವಾಕೆ. ಕೂಗಿ ಕೂಗಿ ಅವಳ ಗಂಟಲು ಒರಟಾಗಿದೆ.

"ನೋಡು ಟೀಚರಮ್ಮ, ನಮ್ಗೆ ಶಾಸ್ತ್ರ ಗೀಸ್ತ್ರ ಬರಲ್ಲ. ದೇವ್ರಿಗೆ ಕೇಳೋ ಹಂಗೆ ಹಾಡಕ್ಕೆ ಕಲಿಸು, ಸಾಕು" ಎಂದು ವೆಂಕಟಲಕ್ಷ್ಮಮ್ಮ ಮೊದಲ ದಿನವೇ ಹೇಳಿದರು. ನಂತರ ದೇವರ ಮನೆ ತೋರಿಸಲು ಕರೆದುಕೊಂಡು ಹೋದರು.

ಅಲ್ಲಿ, ವೆಂಕಟರಮಣನ ಪಟಕ್ಕೂ ಮನೆದೇವರ ಪಟಕ್ಕೂ ನಡುವೆ, ಗಾಜಿನ ಚೌಕಟ್ಟಿನಲ್ಲಿ, ಹಣೆಗೆ ಗಂಧ ಕುಂಕುಮ ಹಚ್ಚಿಸಿಕೊಂಡು, ಎಂಟು ವರ್ಷದ ಅನಘಾ ಕೊಳಲು ಹಿಡಿದು ನಿಂತಿದ್ದಳು.

ಅದು ಎಣ್ಣೆ ಅಂಗಡಿಯವರು ಹಂಚಿದ ಕ್ಯಾಲೆಂಡರಿನ ಚಿತ್ರ. ಧಾರಾವಾಹಿ ಜೋರಾಗಿದ್ದ ವರ್ಷ ಯಾರೋ ಅವಳ ಫೋಟೋವನ್ನು ಬರೆದ ಪಟದಂತೆ ಬಣ್ಣ ತಿದ್ದಿ ಅಚ್ಚು ಹಾಕಿಸಿದ್ದರು. ವೆಂಕಟಲಕ್ಷ್ಮಮ್ಮ ಆ ಧಾರಾವಾಹಿ ನೋಡಿದವರಲ್ಲ, ಆಗ ಅವರ ಮನೆಯಲ್ಲಿ ಟಿವಿಯೇ ಇರಲಿಲ್ಲ. ಗಂಡ ಬೈರಪ್ಪ ಆಸ್ಪತ್ರೆಯಲ್ಲಿ ಸಾವು ಬದುಕಿನ ಮಧ್ಯೆ ಮಲಗಿದ್ದ ವಾರ ಆ ಕ್ಯಾಲೆಂಡರ್ ಮಂಚದ ಎದುರು ತೂಗುತ್ತಿತ್ತಂತೆ. ಆಕೆ ಅದಕ್ಕೇ ಹರಕೆ ಹೊತ್ತರು. ಬೈರಪ್ಪ ಎದ್ದು ಕುಳಿತರು, ಹನ್ನೆರಡು ವರ್ಷ ಬದುಕಿದರು. ಚಿತ್ರ ಚೌಕಟ್ಟು ಸೇರಿ ದೇವರ ಮನೆಗೆ ಬಂತು.

"ಹುಬ್ಬಿನ ಮೇಲೆ ನೋಡು" ಎಂದು ವೆಂಕಟಲಕ್ಷ್ಮಮ್ಮ ದೀಪದ ಬತ್ತಿ ಏರಿಸಿದರು. "ಕಾಳಿಂಗನ ಬಾಲ ಬಡಿದ ಗುರುತು. ಬೇರೆ ಯಾವ್ ಪಟದಲ್ಲೂ ಇದನ್ನ ಬರ್ದಿಲ್ಲ. ಇದನ್ನ ಬರ್ದವನು ಕಣ್ಣಾರೆ ಕಂಡವನೇ ಇರ್ಬೇಕು."

ಅನಘಾ ಕೈ ಮುಗಿದಳು. ಯಾರಿಗೆ ಮುಗಿದೆನೆಂದು ಅವಳಿಗೇ ತಿಳಿಯಲಿಲ್ಲ. ಆಗಲೇ ಹೇಳಬೇಕಿತ್ತೇನೋ. ಹೇಳಿದರೆ ಆ ಹಿರಿಯ ಜೀವದ ನಂಬಿಕೆ ಒಡೆದಂತೆ. ಹೇಳದಿದ್ದರೆ ದಿನವೂ ತನ್ನ ಮುಖಕ್ಕೆ ಬೀಳುವ ಮಂಗಳಾರತಿ ನೋಡುತ್ತ ನಿಲ್ಲಬೇಕು. ಅವಳು ಕನ್ನಡಕ ಸರಿಮಾಡಿಕೊಂಡು ಸುಮ್ಮನಾದಳು. ದೇವರ ಮನೆಗೆ ಮತ್ತೆ ಹೋಗದೆ, ಹಜಾರದಲ್ಲಿಯೇ ಪಾಠ ಹೇಳಿದಳು.

ಆ ಹಜಾರದಲ್ಲಿ ಅವಳ ಮೊದಲ ಸ್ವಂತ ಹಾಡು ಹುಟ್ಟಿತು. ಧನುರ್ಮಾಸದಲ್ಲಿ ನಸುಕಿಗೇ ದೇವರನ್ನು ಎಬ್ಬಿಸುವ ಹಾಡು. ಮಾತು ಅವಳದೇ, ರಾಗವೂ ಅವಳದೇ.

ಏಳೋ ಕಂದ, ಹಾಲು ಕರೆದಾಯ್ತು,
ಬಾಗಿಲ ರಂಗೋಲಿ ನಿನ್ನ ಹೆಜ್ಜೆಗೆ ಕಾದೈತೆ.

ಎರಡನೆಯ ಸಾಲಿನಲ್ಲಿ "ನಿನ್ನ" ಅನ್ನುವಲ್ಲಿ ಅಂಜನಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. ಅಲ್ಲಿ ನಿಂತು, ಉಸಿರೆಳೆದು, "ಹೆಜ್ಜೆಗೆ" ಎಂದು ಮುಂದೆ ಹೋಗುತ್ತಿದ್ದಳು. ನಾಲ್ಕು ದಿನ ಅನಘಾ ಅದನ್ನು ತಿದ್ದಿದಳು. ಐದನೆಯ ದಿನ ಕಣ್ಣು ಮುಚ್ಚಿ ಕೇಳಿದಾಗ, ಮಗು ಎದ್ದಿತೋ ಇಲ್ಲವೋ ಎಂದು ತಾಯಿ ಬಾಗಿಲಲ್ಲಿ ನಿಂತು ನೋಡಿದಂತೆ ಕೇಳಿಸಿತು.

"ಅಂಜನಮ್ಮ ನಿಲ್ಲೋ ಕಡೆ ಎಲ್ಲಾರೂ ನಿಲ್ಲಿ" ಎಂದಳು.

"ಅಯ್ಯೋ, ನಾನು ತಪ್ಪಿದ್ದನ್ನೇ ಹಾಡು ಮಾಡ್ಬಿಟ್ರಾ!" ಎಂದು ಅಂಜನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ತಪ್ಪಲ್ಲ ಅದು. ಅದೇ ಹಾಡು."

ವೈಕುಂಠ ಏಕಾದಶಿಯ ನಸುಕಿನಲ್ಲಿ ಮಾರೇನಹಳ್ಳಿಯ ಗೋಪಾಲಸ್ವಾಮಿ ಗುಡಿಯಲ್ಲಿ ಹಾಡುವುದೆಂದು ನಿಶ್ಚಯವಾಯಿತು. ಆ ದಿನ ಸ್ವರ್ಗದ ಬಾಗಿಲು ದಾಟಲು ಸಾವಿರಾರು ಜನ ಸಾಲು ನಿಲ್ಲುತ್ತಾರೆ. ಅನಘಾಳಿಗೆ ಮೂವತ್ತೇಳು ವರ್ಷ. ತನ್ನದೆನ್ನುವ ಒಂದು ಹಾಡನ್ನು, ಯಾರೂ ಅಳಿಸದ ದನಿಯಲ್ಲಿ, ಜನ ಮೊದಲ ಬಾರಿಗೆ ಕೇಳಲಿದ್ದರು. ಅವಳು ದಿನ ಎಣಿಸುತ್ತಿದ್ದಳು.

ಏಕಾದಶಿಗೆ ಎಂಟು ದಿನವಿತ್ತು. ಗುಡಿಯಲ್ಲಿ ನಸುಕಿನ ಪೂಜೆ ಮುಗಿದು, ಮಂಡಳಿಯವರು ಪ್ರಸಾದದ ಹುಗ್ಗಿಯನ್ನು ವೆಂಕಟಲಕ್ಷ್ಮಮ್ಮನವರ ಹಜಾರಕ್ಕೆ ತಂದು ದೊನ್ನೆಗಳಿಗೆ ಹಾಕುತ್ತಿದ್ದರು. ಹಬೆಯಾಡುವ ಹುಗ್ಗಿಯ ಮೇಲೆ ಅನಘಾ ಬಗ್ಗಿದಳು. ಕನ್ನಡಕ ಮಂಜಾಯಿತು. ಅದನ್ನು ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಾಗ ಎದುರಿಗೆ ದೊನ್ನೆ ಹಿಡಿದಿದ್ದ ಕುಸುಮಾ ಕೈಯನ್ನು ಅಲ್ಲೇ ನಿಲ್ಲಿಸಿದಳು. ತೆರೆದಿದ್ದ ದೇವರ ಮನೆಯ ಕಡೆ ಒಮ್ಮೆ ನೋಡಿದಳು, ಅನಘಾಳ ಹುಬ್ಬನ್ನು ಒಮ್ಮೆ ನೋಡಿದಳು.

"ಅತ್ತೆ... ಇಲ್ಲಿ ಬನ್ನಿ. ಬೇಗ ಬನ್ನಿ. ನಿಮ್ಮ ಕೃಷ್ಣ ಇವ್ರೇ ಅಲ್ವಾ?"

ಕುಸುಮಾ ಫೋನಿನಲ್ಲಿ ಹುಡುಕಿ ಹಳೆಯ ಧಾರಾವಾಹಿ ತೆಗೆಯಲು ಎರಡು ನಿಮಿಷ ಸಾಕಾಯಿತು. ಅದೇ ನವಿಲುಗರಿ, ಅದೇ ಕೊಳಲು, ಅದೇ ಗಾಯ. ಅನಘಾ ಇಲ್ಲ ಎನ್ನಲಿಲ್ಲ. ಅಂಜನಮ್ಮ ಮೊದಲು ಕಾಲಿಗೆ ಬಿದ್ದಳು. ಅವಳ ಹಿಂದೆ ಮತ್ತೊಬ್ಬರು, ಮಗದೊಬ್ಬರು. "ಬೇಡಿ, ಏಳಿ, ದಯವಿಟ್ಟು ಏಳಿ" ಎಂದು ಅವಳು ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿದಳು. ವೆಂಕಟಲಕ್ಷ್ಮಮ್ಮ ಮಾತ್ರ ಫೋನನ್ನು ನೋಡಿದರು, ಅವಳನ್ನು ನೋಡಿದರು, ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನದ ಅಭ್ಯಾಸದಲ್ಲಿ ಹಾಡು ಏಳಲೇ ಇಲ್ಲ. ಹೆಂಗಸರು ಅವಳನ್ನೇ ನೋಡುತ್ತ ಕುಳಿತರು. ಒಬ್ಬಾಕೆ ಬೆಣ್ಣೆ ತಂದಿದ್ದಳು.

"ಅಂಜನಮ್ಮ, ಯಾಕೆ ಹಾಡ್ತಾ ಇಲ್ಲ?"

"ನಿಮ್ಮ ಮುಂದೆ ನಾನು ಬಾಯಿ ಬಿಡೋದಾ ತಾಯಿ? ನೀವೇ ಹಾಡಿ. ನಾವು ಕೇಳ್ತೀವಿ."

ಅದರ ಮಾರನೆಯ ದಿನ ಕುಸುಮಾ ಫೋನು ಮಾಡಿದಳು. "ಅತ್ತೆಗೆ ಹುಷಾರಿಲ್ಲ ಮೇಡಂ. ಎರಡು ದಿನ ಅಭ್ಯಾಸ ಬೇಡ. ನಾನು ಹೇಳ್ಬಾರ್ದಿತ್ತು ಅನ್ಸುತ್ತೆ. ಸಾರಿ."

ಆ ಎರಡು ದಿನ ಅನಘಾಳಿಗೆ ಊಟ ಸೇರಲಿಲ್ಲ. ಹಾಡು ಹೋಯಿತು ಎನ್ನುವ ಸಂಕಟ ಒಂದು ಕಡೆ. ಗಂಡನನ್ನು ಉಳಿಸಿಕೊಟ್ಟ ದೇವರನ್ನು ಆ ಮುದುಕಿಯಿಂದ ಕಿತ್ತುಕೊಂಡೆನಲ್ಲ ಎನ್ನುವ ಸಂಕಟ ಇನ್ನೊಂದು ಕಡೆ. ಆದರೂ ಬೆಳಿಗ್ಗೆ ಹಿಡಿದ ಸ್ವರವನ್ನು ಹಾಲು ಉಕ್ಕುವವರೆಗೆ ಬಿಡಲಿಲ್ಲ.

ಮೂರನೆಯ ದಿನ ಬರಹೇಳಿದರು. ವೆಂಕಟಲಕ್ಷ್ಮಮ್ಮ ದೇವರ ಮನೆಯ ಹೊಸ್ತಿಲ ಬಳಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು. ಪಟ ಅಲ್ಲಿಯೇ ಇತ್ತು. ಹೊಸ ಹೂ ಏರಿಸಿತ್ತು.

"ಕೂತ್ಕೊ" ಎಂದರು. ಸ್ವಲ್ಪ ಹೊತ್ತು ಬತ್ತಿ ಹೊಸೆದರು. "ಒಂದು ವರ್ಷ ಬಂದು ಹೋದೆ. ಬಾಯಿ ಬಿಡ್ಲಿಲ್ವಲ್ಲೇ ನೀನು?"

"ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಅಮ್ಮ. ತಪ್ಪಾಯ್ತು. ಪಟ ತೆಗೀತೀರಿ ಅಂದ್ಕೊಂಡಿದ್ದೆ."

"ಯಾಕೆ ತೆಗೀಲಿ?" ವೆಂಕಟಲಕ್ಷ್ಮಮ್ಮನವರ ದನಿ ಏರಿತು. "ಎರಡು ದಿನ ಇಲ್ಲೇ ಕೂತು ಕೇಳ್ದೆ ಅವನ್ನ. ಇಪ್ಪತ್ತೊಂಬತ್ತು ವರ್ಷ ದೀಪ ಹಚ್ಚಿದ್ದು ಯಾರಿಗಪ್ಪ ಅಂತ. ನಿಂಗಂತೂ ಅಲ್ಲ ಕಣಮ್ಮ. ನೀನ್ಯಾರೋ ನಂಗೆ ಗೊತ್ತೇ ಇರ್ಲಿಲ್ಲ. ನೀನು ಅವನಿಗೆ ಮುಖ ಬಾಡಿಗೆ ಕೊಟ್ಟಿದ್ದೆ, ಅಷ್ಟೆ. ಬಾಡಿಗೆ ಮನೇಲಿದ್ರೂ ಅವನು ಅವನೇ."

ಅನಘಾಳ ಕಣ್ಣು ತುಂಬಿತು. ಅಷ್ಟು ವರ್ಷ ಯಾರೂ ಅವಳಿಗೆ ಇಷ್ಟು ಸರಳವಾಗಿ ಆ ಮುಖವನ್ನು ಇಳಿಸಿಕೊಟ್ಟಿರಲಿಲ್ಲ.

"ಅದ್ಸರಿ, ಈ ಗಾಯ ಹೆಂಗಾಯ್ತು?"

"ಪಾರ್ಕಲ್ಲಿ ಜಾರುಬಂಡೆಯಿಂದ ಬಿದ್ದೆ. ಆರು ವರ್ಷ ಇದ್ದಾಗ."

ವೆಂಕಟಲಕ್ಷ್ಮಮ್ಮ ಬತ್ತಿ ಕೆಳಗಿಟ್ಟರು. "ಜಾರುಬಂಡೆ! ಥೂ ನನ್ನ! ಮದುವೆಗೆ ಬಂದ ಬೀಗರಿಗೆಲ್ಲ ಕಾಳಿಂಗ ಅಂತ ಹೇಳ್ಕೊಂಡು ಬಂದ್ನಲ್ಲೇ!" ಎಂದು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಹಜಾರದ ಕಡೆ ಕೂಗಿದರು. "ಏಯ್, ಬನ್ರೇ ಎಲ್ಲಾ! ಕಾಲಿಗೆ ಬೀಳೋರು ಬಿದ್ದು ಮುಗೀತಲ್ಲ? ಇನ್ನು ಇವಳು ನಮ್ಮ ಟೀಚರಮ್ಮ. ಅಂಜನಿ, ಮಾರ್ಕೆಟ್ಟಲ್ಲಿ ಊರು ಕೇಳೋ ಹಂಗೆ ಕೂಗ್ತೀಯ, ಇಲ್ಲೇನು ನಾಚಿಕೆ? ಬಾಯ್ ಬಿಡು!"

ಅಂಜನಮ್ಮ ಬಾಯಿ ಬಿಟ್ಟಳು. ಎರಡನೆಯ ಸಾಲಿಗೆ ಬಂದು "ನಿನ್ನ" ಎನ್ನುವಲ್ಲಿ ನಿಂತಳು. ಹದಿಮೂರು ಜನವೂ ಅವಳೊಂದಿಗೆ ನಿಂತರು.

ಏಕಾದಶಿಯ ದಿನ ನಾಲ್ಕು ಗಂಟೆಗೇ ಸಾಲು ಗುಡಿಯಿಂದ ಮುಖ್ಯರಸ್ತೆಯವರೆಗೆ ಬೆಳೆದಿತ್ತು. ಸ್ವೆಟರು, ಶಾಲು, ಕಿವಿಗೆ ಕಟ್ಟಿದ ಮಫ್ಲರುಗಳು. ಮಂಡಳಿಯವರು ಗರುಡಗಂಬದ ಪಕ್ಕದ ಜಮಖಾನೆಯ ಮೇಲೆ ಕುಳಿತರು. ಅನಘಾ ಹಾರ್ಮೋನಿಯಂ ತೆಗೆದು ಸ್ವರ ಹಿಡಿದಳು. ಮೊದಲು ಜನರ ಗಲಾಟೆಯಲ್ಲಿ ಹಾಡು ಕೇಳಿಸಲಿಲ್ಲ. ಮೂರನೆಯ ಸಲ ಪಲ್ಲವಿ ಬರುವ ಹೊತ್ತಿಗೆ ಹತ್ತಿರದ ಸಾಲು ಮಾತು ನಿಲ್ಲಿಸಿತ್ತು. ಐದನೆಯ ಸಲ, ಯಾರೋ ಗೊತ್ತಿಲ್ಲದ ಹೆಂಗಸು, ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡವಳು, ತಾನೂ "ಏಳೋ ಕಂದ" ಎಂದು ಗುನುಗಿದಳು. ಎರಡನೆಯ ಸಾಲಿನ ನಿಲುಗಡೆಯಲ್ಲಿ ಅವಳೂ ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅನಘಾಳ ಬೆರಳು ಒಂದು ಕ್ಷಣ ಹಾರ್ಮೋನಿಯಂನ ಮನೆ ತಪ್ಪಿ ಬೇರೆ ಸ್ವರ ಒತ್ತಿತು. ಹಾಡುವವರಿಗೆ ಅದು ಗೊತ್ತಾಗಲಿಲ್ಲ.

ಬೆಳಕು ಹರಿದ ಮೇಲೆ ಗುಡಿಯ ಸಮಿತಿಯ ಕಾರ್ಯದರ್ಶಿ ಮಂಜುನಾಥ್ ಅವಳನ್ನು ಹುಡುಕಿಕೊಂಡು ಬಂದರು. ಒಳ್ಳೆಯ ಮನುಷ್ಯ. ಮಂಡಳಿಗೆ ಜಮಖಾನೆ, ಮೈಕು ಎಲ್ಲ ಅವರೇ ಮುಂದೆ ನಿಂತು ಒದಗಿಸಿದ್ದರು. ಕಣ್ಣು ಒದ್ದೆಯಾಗಿತ್ತು.

"ಮೇಡಂ, ಏನು ಹಾಡು ಮೇಡಂ! ಇದು ಇಲ್ಲಿಗೇ ನಿಲ್ಬಾರ್ದು. ನಮ್ಮ ಭಾವಮೈದಂದು ಆಡಿಯೋ ಕಂಪನಿ ಇದೆ. ಈಗಷ್ಟೇ ಫೋನಲ್ಲಿ ಮಾತಾಡ್ದೆ. ಖರ್ಚೆಲ್ಲ ಅವನದೇ. ದೊಡ್ಡ ಸಿಂಗರ್ ಕರೆಸ್ತಾನೆ. ವಿಡಿಯೋಗೆ ನಿಮ್ಮ ಹಳೇ ಕೃಷ್ಣನ ಕ್ಲಿಪ್ ಹಾಕಿದ್ರೆ, ಲಕ್ಷಾಂತರ ಜನ ನೋಡ್ತಾರೆ. ನೀವು ಒಂದೇ ಕೆಲ್ಸ ಮಾಡಿ, ಟ್ರ್ಯಾಕ್ ಹಾಡಿ ಕೊಡಿ. ಮಿಕ್ಕಿದ್ದು ನಂಗೆ ಬಿಡಿ."

ಲಕ್ಷಾಂತರ ಜನ. ಅಮ್ಮ ಅದನ್ನು ನೋಡಿ ಎಷ್ಟು ಹಿಗ್ಗಬಹುದು. ಮಂಜುನಾಥ್ ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಅದರಲ್ಲಿ ಮೋಸವಿಲ್ಲ. ಆದರೆ ಅವಳ ಕಿವಿಗೆ ಆ ಹಾಡು ಈಗಲೇ ಕೇಳಿಸಿತು. ಉಸಿರು ಸಾಲುವ ಗಂಟಲು, ನಿಲ್ಲದೆ ಹರಿದು ಹೋಗುವ ಎರಡನೆಯ ಸಾಲು. ನೀಲಿ ಬಳಿದ ಆ ಮುಖ, ಮತ್ತೆ ಯಾರದೋ ದನಿ. ಜಮಖಾನೆ ಮಡಿಸುತ್ತಿದ್ದ ಅಂಜನಮ್ಮ ಇತ್ತ ತಿರುಗಿ, ಏನೆಂದು ಕೇಳುವಂತೆ ಹುಬ್ಬು ಹಾರಿಸಿದಳು.

"ನೀವು ಇಷ್ಟು ಯೋಚನೆ ಮಾಡಿದ್ರಲ್ಲ, ಅದೇ ದೊಡ್ಡದು ಮಂಜುನಾಥ್ ಅವ್ರೇ" ಎಂದಳು ಅನಘಾ. "ಆದ್ರೆ ಬೇಡ."

"ಯಾಕ್ ಮೇಡಂ? ಹೆಸ್ರು ನಿಮ್ಮದೇ ಹಾಕಿಸ್ತೀನಿ, ದೊಡ್ಡದಾಗಿ."

"ಹೆಸರಿಗಲ್ಲ. ದೊಡ್ಡ ಸಿಂಗರ್ ಬಂದು ಹಾಡಿದ್ರೆ ಅಂಜನಮ್ಮ ನಿಲ್ಲೋ ಜಾಗ ಹೋಗ್ಬಿಡುತ್ತೆ. ಅದು ಹೋದ್ರೆ ಅದು ಈ ಹಾಡಲ್ಲ." ಅವಳು ಹಾರ್ಮೋನಿಯಂ ಮುಚ್ಚಿ ಕೊಂಡಿ ಹಾಕಿದಳು. "ನಿಮ್ಮ ಭಾವಮೈದನಿಗೆ ಕೇಳ್ಬೇಕು ಅನ್ಸಿದ್ರೆ ಕರ್ಕೊಂಡ್ ಬನ್ನಿ. ಸಂಕ್ರಾಂತಿವರೆಗೂ ಇಲ್ಲೇ ಇರ್ತೀವಿ. ಬೆಳಿಗ್ಗೆ ಐದು ಗಂಟೆಗೆ."